ಫೋಟೊ ತೆಗೆದ ಮರುದಿನ: ಕಲಬುರಗಿ ಭಾಗದಲ್ಲಿ ಸೇವಾ ಕ್ಲಬ್ ನಡೆಸುವ ಕ್ರಮ

ರೋಟರಿ, ಲಯನ್ಸ್ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪದಗ್ರಹಣ, ಶಾಲು, ಹಾರ, ಊಟ ಎಲ್ಲ ಜೋರಾಗಿಯೇ ಆಗುತ್ತದೆ. ಆಗಸ್ಟ್‌ವರೆಗೆ ಹುರುಪು ಇರುತ್ತದೆ, ದೀಪಾವಳಿ ದಾಟುವಷ್ಟರಲ್ಲಿ ಸಭೆಯ ಕುರ್ಚಿಗಳು ಖಾಲಿ ಬೀಳತೊಡಗುತ್ತವೆ. ಮಾರ್ಚ್‌ನಲ್ಲಿ ಬಿಸಿಲು ಏರಿ ಊರಿಗೆ ನಿಜವಾಗಿ ಕ್ಲಬ್ಬು ಬೇಕಾದಾಗ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೇ ಓಡಾಡುತ್ತಿರುತ್ತಾರೆ. ಹಣ ಸಾಲದೆ ಹೀಗಾಗುವುದು ಅಪರೂಪ. ಕಾರ್ಯಕ್ರಮದ ದಿನಕ್ಕೆ ಎಲ್ಲರಿಗೂ ಕೆಲಸ ಹಂಚಿರುತ್ತದೆ, ಮರುದಿನದ ಕೆಲಸ ಯಾರ ಹೆಸರಿಗೂ ಇರುವುದಿಲ್ಲ. ಕಾಯಿಲೆ ಇರುವುದು ಅಲ್ಲಿ. ಓಣಿಯ ಯುವಕ ಸಂಘಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ.

ಆದ್ದರಿಂದ ಯಾವ ಚಟುವಟಿಕೆ ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದ್ದು ಇದು: ಶಾಮಿಯಾನ ಬಿಚ್ಚಿದ ಮೇಲೆ ಏನೇನು ಉಳಿಯುತ್ತದೆ, ಅದನ್ನು ಯಾರು ಮಾಡುತ್ತಾರೆ? ಹೆಸರು ಬರೆಯಲು ಆಗದಿದ್ದರೆ ಆ ಚಟುವಟಿಕೆ ಬೇಡ.

ಕ್ಯಾಲೆಂಡರ್ ನಮ್ಮ ಊರಿನದಿರಲಿ

ಕ್ಲಬ್ಬಿನ ಮೇಲಿನ ಸಂಸ್ಥೆಯಿಂದ ಬರುವ ತಿಂಗಳ ವಿಷಯಗಳ ಪಟ್ಟಿಯನ್ನು ಹಾಗೇ ನಕಲು ಮಾಡಿದರೆ ಈ ಭಾಗದಲ್ಲಿ ಅರ್ಧ ಕಾರ್ಯಕ್ರಮ ಸೋಲುತ್ತವೆ. ಜೂನ್ ಮಧ್ಯದಿಂದ ಜುಲೈವರೆಗೆ ಬಿತ್ತನೆ. ಆಗ ಆಳಂದ, ಚಿಂಚೋಳಿ, ಶಹಾಪುರ ಕಡೆಯ ಹಳ್ಳಿಗಳಲ್ಲಿ ಶಿಬಿರ ಇಟ್ಟರೆ ಬರುವವರು ಶಾಲೆಯ ಮಕ್ಕಳು ಮಾತ್ರ. ಡಿಸೆಂಬರ್, ಜನವರಿ ತೊಗರಿ ರಾಶಿಯ ಕಾಲ. ಹಳ್ಳಿಯ ಆರೋಗ್ಯ ಶಿಬಿರಕ್ಕೆ ರಾಶಿ ಮುಗಿದು ಬಿಳಿಜೋಳದ ಕೊಯ್ಲು ಶುರುವಾಗುವ ಮುಂಚಿನ ಬಿಡುವು ಚೆನ್ನ. ಅದು ಎರಡು-ಮೂರು ವಾರಕ್ಕಿಂತ ಹೆಚ್ಚಿರುವುದಿಲ್ಲ, ಊರಿಂದ ಊರಿಗೆ ಬದಲಾಗುತ್ತದೆ. ಅಲ್ಲಿನ ರೈತರನ್ನೇ ಕೇಳಿ ದಿನ ಗೊತ್ತುಮಾಡಿ.

ರಂಜಾನ್ ತಿಂಗಳು, ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿ ಇವುಗಳಂದು ರಕ್ತದಾನ ಶಿಬಿರ ಬೇಡ. ಉಪವಾಸ ಇರುವವರಿಂದ ರಕ್ತ ತೆಗೆಯುವಂತಿಲ್ಲ. ಅಮಾವಾಸ್ಯೆಯಂದು ವ್ಯಾಪಾರಿ ಸದಸ್ಯರು ಸಿಗುವುದಿಲ್ಲ. ಶರಣಬಸವೇಶ್ವರ ಜಾತ್ರೆ ಮತ್ತು ಖ್ವಾಜಾ ಬಂದೇನವಾಜ್ ಉರುಸಿನಲ್ಲಿ ಕ್ಲಬ್ಬಿನ ಕೆಲಸ ಜನ ಇರುವಲ್ಲಿಗೇ ಹೋಗಬೇಕು, ಬೇರೆಡೆ ಕಾರ್ಯಕ್ರಮ ಇಟ್ಟು ಜನರನ್ನು ಕರೆಯುವುದು ದಂಡ. ಉರುಸು ಚಾಂದ್ರಮಾನದ ಜುಲ್‌ಕಾದಾ ತಿಂಗಳಲ್ಲಿ ಬರುವುದರಿಂದ ಪ್ರತಿವರ್ಷ ಸುಮಾರು 10-11 ದಿನ ಹಿಂದಕ್ಕೆ ಸರಿಯುತ್ತದೆ, ಹಳೆಯ ಕ್ಯಾಲೆಂಡರ್ ನೋಡಿ ಬರೆಯಬೇಡಿ. ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವದ ದಿನ, ಅಧಿಕಾರಿಗಳು ಯಾರೂ ಕೈಗೆ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಪರವಾನಗಿಗೆ ಮಧ್ಯಾಹ್ನದ ಮೇಲೆ ಹೋದರೆ ಬೀಗ ನೋಡಿ ಬರಬೇಕು.

ವರ್ಷಕ್ಕೆ ದೊಡ್ಡ ಕೆಲಸ ಮೂರು ಸಾಕು. 20-25 ಸದಸ್ಯರ ಕ್ಲಬ್ಬಿಗೆ ನಾಲ್ಕನೆಯದು ಭಾರವೇ.

ಹಿಸಾಬು

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ಸ್ವತಂತ್ರ ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ನೋಂದಾಯಿಸಬೇಕು. ವಾರ್ಷಿಕ ಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಹೆಚ್ಚಿನ ಸಂಘಗಳು ಮೊದಲ ವರ್ಷ ಸಲ್ಲಿಸಿ ಮರೆಯುತ್ತವೆ. ಐದಾರು ವರ್ಷದ ನಂತರ ಯಾವುದೋ ಕಂಪನಿ ನೆರವು ಕೊಡಲು ಮುಂದೆ ಬಂದಾಗ ನವೀಕರಣ ಇಲ್ಲವೆಂದು ಕೈತಪ್ಪುತ್ತದೆ.

ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಖಜಾಂಚಿಯ ಸ್ವಂತ ನಂಬರಿನ ಕ್ಯೂಆರ್ ಕೋಡ್ ತೋರಿಸಿ ಚಂದಾ ಎತ್ತುವುದನ್ನು ಮೊದಲ ದಿನವೇ ನಿಲ್ಲಿಸಿ, ಸಂಘದ ಖಾತೆಯದ್ದೇ ಮಾಡಿಸಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಬೇಕು, ಹರಿದು ಹೋದ ರಸೀದಿಯನ್ನೂ ಪುಸ್ತಕಕ್ಕೇ ಪಿನ್ ಮಾಡಿಡಬೇಕು. ಪ್ರತಿ ಕಾರ್ಯಕ್ರಮದ ಜಮಾ-ಖರ್ಚನ್ನು ಏಳು ದಿನದೊಳಗೆ ಕ್ಲಬ್ಬಿನ ಗ್ರೂಪಿನಲ್ಲಿ ಹಾಕಿ. ಏಳು ದಿನ ಯಾಕೆ ಅಂದರೆ ಪೆಂಡಾಲಿನವರ, ಮೈಕಿನವರ ಬಿಲ್ಲು ಅಷ್ಟರಲ್ಲಿ ಕೇಳಿದರೆ ಸಿಗುತ್ತದೆ, ತಿಂಗಳಾದರೆ ಬಾಯಿಲೆಕ್ಕ ಉಳಿಯುತ್ತದೆ. ಬಾಯಿಲೆಕ್ಕ ಬಂದಲ್ಲಿ ಜಗಳವೂ ಬರುತ್ತದೆ. ಆಡಳಿತದ ಹಣ ಮತ್ತು ಸೇವೆಯ ಹಣ ಬೇರೆ ಬೇರೆ ಇಡಿ. ಸದಸ್ಯರ ಊಟ, ಬ್ಯಾಡ್ಜು, ಸ್ಮರಣಿಕೆ ಎಲ್ಲ ಸದಸ್ಯತ್ವ ಶುಲ್ಕದಿಂದಲೇ ಹೋಗಬೇಕು, ಊರವರು ಕೊಟ್ಟ ರೂಪಾಯಿ ಅದಕ್ಕೆ ಮುಟ್ಟಬಾರದು.

ರಕ್ತದಾನ ಶಿಬಿರ

ಕ್ಲಬ್ಬುಗಳು ಅತಿ ಹೆಚ್ಚು ಮಾಡುವುದೂ ಇದನ್ನೇ, ಕೆಡಿಸುವುದೂ ಇದನ್ನೇ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನಡುವೆ ನಾಯಕರ ಹುಟ್ಟುಹಬ್ಬಗಳು. ಈ ದಿನಗಳಲ್ಲಿ ನೂರಾರು ಯೂನಿಟ್ ಒಮ್ಮೆಲೇ ಬರುತ್ತದೆ, ಕಾಲೇಜುಗಳು ಬಂದ್ ಆಗುವ ಏಪ್ರಿಲ್-ಮೇನಲ್ಲಿ ರಕ್ತನಿಧಿಯ ಫ್ರಿಜ್ ಖಾಲಿ. ಕೆಂಪು ರಕ್ತಕಣವನ್ನು ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡಬಹುದು, ಪ್ಲೇಟ್‌ಲೆಟ್ ಬಾಳುವುದು 5 ದಿನ. ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ವರ್ಷವಿಡೀ. ಆ ಮಗುವಿನ ದೃಷ್ಟಿಯಿಂದ ನೋಡಿದರೆ 300 ಯೂನಿಟ್ಟಿನ ಒಂದು ಶಿಬಿರಕ್ಕಿಂತ 50-60 ಯೂನಿಟ್ಟಿನ ನಾಲ್ಕು ಶಿಬಿರ ಮೇಲು. ಪತ್ರಿಕೆಯಲ್ಲಿ ದೊಡ್ಡ ಅಂಕಿ ಬರುವುದಿಲ್ಲ ಎಂಬುದೊಂದೇ ಅದರ ಕೊರತೆ.

ಒಂದು ತಿಂಗಳ ಮುಂಚೆ: ಪರವಾನಗಿ ಇರುವ ರಕ್ತನಿಧಿಯೊಂದಿಗೆ ಮಾತಾಡಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳ ರಕ್ತನಿಧಿಗೆ ಮೊದಲ ಆದ್ಯತೆ ಕೊಡಿ. ಕೇಳಬೇಕಾದ ಪ್ರಶ್ನೆ "ಎಷ್ಟು ಬೇಕಾದರೂ ಕೊಡಿಸ್ತೇವ್ರಿ" ಎನ್ನುವುದಲ್ಲ, "ಆ ವಾರ ನಿಮಗೆ ಎಷ್ಟು ಹಿಡಿಸುತ್ತದೆ, ಯಾವ ಗುಂಪು ಕಮ್ಮಿ ಇದೆ" ಎನ್ನುವುದು. ಎಷ್ಟು ಮಂಚ, ಎಷ್ಟು ಜನ ಟೆಕ್ನಿಷಿಯನ್, ವೈದ್ಯರು ಯಾರು, ವಾಹನ ಯಾರದು ಎಂಬುದನ್ನು ಬರೆದುಕೊಳ್ಳಿ.

ಸಮಯದ ಲೆಕ್ಕ ಹೀಗೆ ಹಾಕಿ. ರಕ್ತ ಹರಿಯುವುದು 5ರಿಂದ 10 ನಿಮಿಷ. ಮಲಗಿ, ಸೂಜಿ ಹಾಕಿಸಿಕೊಂಡು, ಎದ್ದು ಮಂಚ ಬಿಡುವವರೆಗೆ 20 ನಿಮಿಷ ಹಿಡಿಯಿರಿ. ಒಂದು ಮಂಚಕ್ಕೆ ಗಂಟೆಗೆ ಮೂವರು, ಐದು ಮಂಚಕ್ಕೆ ಹದಿನೈದು ಜನ, ನಾಲ್ಕು ಗಂಟೆಗೆ ಅರವತ್ತು. ಇದಕ್ಕಿಂತ ಹೆಚ್ಚು ಜನರನ್ನು ಒಂದೇ ಹೊತ್ತಿಗೆ ಕರೆದರೆ ಸಾಲಿನಲ್ಲಿ ನಿಂತವರು ಹಸಿದು ಬಳಲುತ್ತಾರೆ, ಅವರಲ್ಲೇ ಚಕ್ಕರ್ ಬಂದು ಬೀಳುವವರು ಹೆಚ್ಚು. ಹೆಸರು ಬರೆಯಿಸಿದವರಿಗೆ ಗಂಟೆವಾರು ಸಮಯ ಕೊಟ್ಟು ಫೋನ್ ಮಾಡಿ. ಅರವತ್ತು ಯೂನಿಟ್ ಬೇಕಿದ್ದರೆ ತೊಂಬತ್ತು ಜನರ ಪಟ್ಟಿ ಇರಲಿ. ಕೆಲವರು ಬರುವುದಿಲ್ಲ, ಬಂದವರಲ್ಲೂ ಕೆಲವರು ತಪಾಸಣೆಯಲ್ಲಿ ಹೊರಗುಳಿಯುತ್ತಾರೆ.

ಯಾರು ಕೊಡಬಹುದು ಎನ್ನುವುದನ್ನು ಆಹ್ವಾನದ ಮೆಸೇಜಿನಲ್ಲೇ ಹಾಕಿ, ಬಂದಮೇಲೆ ವಾಪಸ್ ಕಳಿಸುವ ಮುಜುಗರ ತಪ್ಪುತ್ತದೆ. ವಯಸ್ಸು 18ರಿಂದ 65. ಮೊದಲ ಸಲ ಕೊಡುವವರು 60 ದಾಟಿರಬಾರದು. ತೂಕ ಕನಿಷ್ಠ 45 ಕಿಲೊ, ಅವರಿಂದ 350 ಮಿಲಿಲೀಟರ್ ತೆಗೆಯುತ್ತಾರೆ. 55 ಕಿಲೊ ಮೀರಿದ್ದರೆ 450ರವರೆಗೆ. ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರಿಗೆ ಎರಡು ದಾನಗಳ ನಡುವೆ 90 ದಿನ, ಹೆಂಗಸರಿಗೆ 120 ದಿನ. ನಾಲ್ಕು ಗಂಟೆಯೊಳಗೆ ಊಟ ಮಾಡಿರಬೇಕು. ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ಬೇಡ, ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆ ಶಿಬಿರ ಇಡುವವರು ಇದನ್ನು ನೆನಪಿಡಿ. ಹಚ್ಚೆ ಹಾಕಿಸಿ 12 ತಿಂಗಳು ಆಗಿರಬೇಕು, ಟೈಫಾಯ್ಡ್ ಗುಣವಾಗಿ 12 ತಿಂಗಳು, ಮಲೇರಿಯಾ ಗುಣವಾಗಿ 3 ತಿಂಗಳು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಮುಟ್ಟಿನಲ್ಲಿರುವವರು ಕೊಡುವಂತಿಲ್ಲ. ಅಂತಿಮ ಮಾತು ಶಿಬಿರದ ವೈದ್ಯರದು. "ನಮ್ಮ ಅಧ್ಯಕ್ಷರ ತಮ್ಮ ರೀ, ತಗೊಳ್ರಿ" ಎಂದು ಅವರ ಮೇಲೆ ಒತ್ತಡ ಹಾಕುವ ಕ್ಲಬ್ಬಿಗೆ ಮುಂದಿನ ಸಲ ಒಳ್ಳೆಯ ವೈದ್ಯರು ಬರುವುದಿಲ್ಲ.

ಹಿಮೋಗ್ಲೋಬಿನ್ ಸಾಲದೆ ಹೊರಗುಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರನ್ನು "ಆಗಲ್ಲ ಹೋಗ್ರಿ" ಎಂದು ಕಳಿಸುವುದು ದೊಡ್ಡ ತಪ್ಪು. ಒಂದು ಮೇಜು ಪ್ರತ್ಯೇಕ ಇಟ್ಟು ಅಂಕಿ ಬರೆದುಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ಸಿಗುತ್ತದೆಂದು ತಿಳಿಸಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಬರಹೇಳಿ. ಶಿಬಿರದಿಂದ ರೋಗಿಗೆ ಆಗುವಷ್ಟೇ ಲಾಭ ಈ ಮೇಜಿನಿಂದ ಆಗುತ್ತದೆ.

ಜಾಗ ಆರಿಸುವಾಗ ಮೊದಲು ಫ್ಯಾನ್ ಎಣಿಸಿ, ಆಮೇಲೆ ಕುರ್ಚಿ. ತಗಡಿನ ಶೆಡ್ಡು, ಬಯಲಿನ ಶಾಮಿಯಾನ ಫೆಬ್ರುವರಿ ದಾಟಿದ ಮೇಲೆ ಬೇಡವೇ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ಶುರು ಮಾಡಿ 12ಕ್ಕೆ ಮುಗಿಸಿ. ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆ ಇರಲಿ. ನೋಂದಣಿ, ತೂಕ ಮತ್ತು ಹಿಮೋಗ್ಲೋಬಿನ್, ವೈದ್ಯರು, ಮಂಚ, ವಿಶ್ರಾಂತಿ ಈ ಕ್ರಮದಲ್ಲಿ ಜನ ಒಂದೇ ದಿಕ್ಕಿಗೆ ಸಾಗಬೇಕು. ವೈದ್ಯರ ಮುಂದೆ ಪರದೆ ಕಟ್ಟಿ, ನೆರೆಯವನ ಎದುರು ಯಾರೂ ನಿಜ ಹೇಳುವುದಿಲ್ಲ. ಪ್ರಶ್ನಾವಳಿ ಕನ್ನಡದ ಜೊತೆ ಉರ್ದುವಿನಲ್ಲೂ ಇರಲಿ. ಬೀದರ್, ಬಸವಕಲ್ಯಾಣ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು ಓದಿ ಹೇಳುವವರೊಬ್ಬರನ್ನು ಕೂರಿಸಿ.

ಕೊಡುವ ಮೊದಲು ಅರ್ಧ ಲೀಟರ್ ನೀರು ಎದುರಿಗೆ ನಿಂತು ಕುಡಿಸಿ. ಕೊಟ್ಟ ಮೇಲೆ 15 ನಿಮಿಷ ಕೂರಿಸಿ ಬಿಸ್ಕತ್ತು, ಬಾಳೆಹಣ್ಣು, ಶರಬತ್ತು ಕೊಡಿ. ಮಿರ್ಚಿ ಭಜಿ, ಸೂಸಲಾ ಊರಿನ ಪ್ರೀತಿಯ ತಿಂಡಿ ನಿಜ, ಆದರೆ ಆ ಹೊತ್ತಿಗೆ ಖಾರ-ಎಣ್ಣೆಯಿಂದ ವಾಂತಿ ಬರುತ್ತದೆ, ಸ್ವಯಂಸೇವಕರಿಗೆ ಇಟ್ಟುಕೊಳ್ಳಿ. ವಿಶ್ರಾಂತಿ ಜಾಗಕ್ಕೆ ಕನಿಷ್ಠ ಇಬ್ಬರು ಸದಸ್ಯರು ಬೇಕು. ಚಕ್ಕರ್ ಬರುವುದು ಹೆಚ್ಚಾಗಿ ಇಲ್ಲಿಯೇ, ಎದ್ದು ನಿಂತ ಗಳಿಗೆಯಲ್ಲಿ. ಮುಖ ಬಿಳಿಚಿ ಬೆವರು ಬಂದ ಕೂಡಲೇ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಸಿ, ಕಾಲು ಎತ್ತರ ಮಾಡಿ, ಬೆಲ್ಟು-ಕಾಲರು ಸಡಿಲಿಸಿ, ವೈದ್ಯರನ್ನು ಕರೆಯಿರಿ. ಸುತ್ತ ಗುಂಪುಗೂಡುವುದು, ಕೂರಿಸಿ ನೀರು ಕುಡಿಸಲು ಹೋಗುವುದು ಬೇಡ. ಬೈಕಿನಲ್ಲಿ ಬಂದವರನ್ನು ಇನ್ನರ್ಧ ಗಂಟೆ ತಡೆದು ಕಳಿಸಿ. ಅಂದು ಭಾರ ಎತ್ತಬಾರದು, ಬಿಸಿಲಲ್ಲಿ ಅಲೆಯಬಾರದು.

ಮರುದಿನದ ಕೆಲಸ ನಾಲ್ಕು. ಒಂದು, ಎಲ್ಲ ದಾನಿಗಳಿಗೂ ಫೋನ್. ತೋಳು ನೀಲಿಗಟ್ಟಿದೆಯೇ, ಸುಸ್ತಿದೆಯೇ ಕೇಳಿ. ಎರಡು, ರಿಜಿಸ್ಟರಿನಲ್ಲಿ ಗುಂಪು, ಫೋನ್, ಮುಂದೆ ಕೊಡಬಹುದಾದ ತಾರೀಖು ಬರೆಯಿರಿ. ಅಕ್ಟೋಬರ್ 1ಕ್ಕೆ ಕೊಟ್ಟ ಗಂಡಸು ಡಿಸೆಂಬರ್ 30ಕ್ಕೆ, ಹೆಂಗಸು ಜನವರಿ 29ಕ್ಕೆ ಮತ್ತೆ ಅರ್ಹರು. ಬೇಸಿಗೆಯಲ್ಲಿ ಆಸ್ಪತ್ರೆಯಿಂದ ಕರೆ ಬಂದಾಗ ಈ ರಿಜಿಸ್ಟರೇ ಆಸ್ತಿ. ಮೂರು, ದಾನಿ ಕಾರ್ಡು, ಪ್ರಮಾಣಪತ್ರ ಎರಡು ವಾರದಲ್ಲಿ ಮನೆಗೆ ಮುಟ್ಟಿಸಿ. ನಾಲ್ಕನೆಯದು, ಮಾಡಬಾರದ ಕೆಲಸ: ಪ್ರತಿ ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುತ್ತಾರೆ. ಆ ಫಲಿತಾಂಶದ ಪಟ್ಟಿಯನ್ನು ಕ್ಲಬ್ಬು ಕೇಳುವಂತಿಲ್ಲ. ಅದು ದಾನಿ ಮತ್ತು ರಕ್ತನಿಧಿಯ ಆಪ್ತಸಮಾಲೋಚಕರ ನಡುವಿನದು. ನಂಬಿಕೆಯಿಂದ ತಿಳಿದ ಇನ್ನೊಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ.

ಅರವಟಿಗೆ

ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42-43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಮಾರ್ಚ್ ಕೊನೆಯಿಂದ ಜೂನ್ ಮೊದಲ ಮಳೆಯವರೆಗೆ ಅರವಟಿಗೆ ನಡೆಸಬೇಕು. ಉದ್ಘಾಟನೆಯ ವಾರ ನಡೆದು ಆಮೇಲೆ ಒಣಗಿದ ಮಣ್ಣಿನ ಹರವಿಗಳು ರಸ್ತೆಬದಿ ನಿಂತಿರುವುದು ಯಾವ ಕ್ಲಬ್ಬಿಗೂ ಶೋಭೆಯಲ್ಲ. ಎಪ್ಪತ್ತು ದಿನ ನಡೆಸಲು ಆಗದಿದ್ದರೆ ಎರಡು ಜಾಗದ ಬದಲು ಒಂದೇ ಜಾಗ ಹಿಡಿಯಿರಿ.

ಜಾಗ: ಕೇಂದ್ರ ಬಸ್ ನಿಲ್ದಾಣ, ಜಿಮ್ಸ್ ಹೊರರೋಗಿ ವಿಭಾಗದ ಹೊರಗೆ, ಎಪಿಎಂಸಿಯ ಹಮಾಲರು ಕೂರುವ ಕಡೆ, ಕೋರ್ಟ್ ಆವರಣ, ಸೂಪರ್ ಮಾರ್ಕೆಟ್. ರಸ್ತೆಬದಿಯಾದರೆ ಮಹಾನಗರ ಪಾಲಿಕೆ ಮತ್ತು ಸಂಚಾರ ಪೊಲೀಸರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಮಧ್ಯಾಹ್ನ 3ರ ನೆರಳು ಎಲ್ಲಿ ಬೀಳುತ್ತದೆ ನೋಡಿ ಜಾಗ ಗುರುತು ಮಾಡಿ, ಬೆಳಗಿನ ನೆರಳು ನಂಬಿ ಕೆಡಬೇಡಿ.

ಪ್ರಮಾಣ: ಒಬ್ಬರಿಗೆ ಸುಮಾರು 300 ಮಿಲಿಲೀಟರ್. ದಿನಕ್ಕೆ 600 ಜನ ಎಂದರೆ 180 ಲೀಟರ್, ಚೆಲ್ಲುವುದು-ತೊಳೆಯುವುದಕ್ಕೆ ಕಾಲುಪಾಲು ಸೇರಿಸಿದರೆ 225. ಅಂದರೆ 20 ಲೀಟರಿನ 12 ಕ್ಯಾನು. 20-25 ಲೀಟರ್ ಹಿಡಿಯುವ ಹತ್ತು ಹರವಿ ತಂದರೆ ಎರಡು ಪಾಳಿ ಮಾಡಬಹುದು. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗಲು ಕೆಲವು ಗಂಟೆ ಬೇಕು. ಹಿಂದಿನ ಸಂಜೆ ತುಂಬಿದ್ದು ಬೆಳಿಗ್ಗೆಗೆ, ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನಕ್ಕೆ. ಖಾಲಿಯಾದ ಹರವಿಗೆ ಕೂಡಲೇ ನೀರು ಸುರಿದು ಅದನ್ನೇ ಕೊಟ್ಟರೆ ಜನರಿಗೆ ಬೆಚ್ಚಗಿನ ನೀರೇ ಗತಿ.

ಹರವಿಯ ಹೊರಮೈಯಿಂದ ನೀರು ಆವಿಯಾಗುವುದರಿಂದ ಒಳಗಿನದು ತಂಪಾಗುತ್ತದೆ. ನಮ್ಮ ಒಣಗಾಳಿಯಲ್ಲಿ ಇದು ಬಲು ಚೆನ್ನಾಗಿ ನಡೆಯುತ್ತದೆ. ಹಾಗಾಗಿ ಹೊರಮೈಗೆ ಎಣ್ಣೆಬಣ್ಣದಲ್ಲಿ ಕ್ಲಬ್ಬಿನ ಲಾಂಛನ ಬಳಿಸಬೇಡಿ, ರಂಧ್ರ ಮುಚ್ಚಿ ತಂಪು ಸಾಯುತ್ತದೆ. ಹೆಸರು ಬೇಕಿದ್ದರೆ ಬ್ಯಾನರಿಗೆ ಹಾಕಿ. ಒದ್ದೆ ಮರಳಿನ ಮೇಲೆ ಕೂರಿಸಿ, ಒದ್ದೆ ಗೋಣಿತಟ್ಟು ಸುತ್ತಿ, ಗಾಳಿ ಆಡಲು ನಡುವೆ ಗೇಣು ಜಾಗ ಬಿಡಿ. ಹೊಸ ಹರವಿಯನ್ನು ಒಂದು ದಿನ ಪೂರ್ತಿ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ. ಬೋರಿನ ಗಡಸು ನೀರಾದರೆ ಎರಡು-ಮೂರು ವಾರದಲ್ಲಿ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಸೋಪು ಬೇಡ, ಮಣ್ಣು ಅದರ ವಾಸನೆ ಹೀರುತ್ತದೆ.

ನೀರಿನ ಬಗ್ಗೆ ಒಂದು ಎಚ್ಚರ. ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರು ಎಂದರೆ ಎಲ್ಲರಿಗೂ ನಿಶ್ಚಿಂತೆ. ಆದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಒಬ್ಬ ಕೊಳೆ ಕೈ ಅದ್ದಿದರೆ ಅದನ್ನು ಕಾಯಲು ಏನೂ ಇಲ್ಲ. ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಲೀಟರ್ ಪ್ರಮಾಣದಂತೆ ಹಾಕಿ ಅರ್ಧ ಗಂಟೆ ಬಿಟ್ಟು ಕೊಡಿ. ದಿನದ ಕೊನೆಗೆ ಉಳಿದ ನೀರು ಗಿಡಕ್ಕೆ. ಸರಪಳಿಗೆ ಕಟ್ಟಿದ ಲೋಟ ಬಾಯಿಂದ ಬಾಯಿಗೆ ಹೋಗುತ್ತದೆ, ಅದು ಬೇಡ. ಉದ್ದ ಹಿಡಿಕೆಯ ಸೌಟಿನಿಂದ ಬೊಗಸೆಗೋ ಬಾಟಲಿಗೋ ಸುರಿಯುವ ಒಬ್ಬ ವ್ಯಕ್ತಿ ಇರಬೇಕು, ಇಲ್ಲವಾದರೆ ನಲ್ಲಿ ಇರುವ ಹರವಿ ತನ್ನಿ. ಒಬ್ಬರನ್ನು ಕೂಲಿಗೆ ಇಟ್ಟರೆ ತಪ್ಪೇನಿಲ್ಲ. ಕೆಲಸ ಇಲ್ಲದ ವಯಸ್ಸಾದ ಅಜ್ಜನೋ ಕಾಕಾನೋ ಇದನ್ನು ಸದಸ್ಯರಿಗಿಂತ ಚೆನ್ನಾಗಿ ನಡೆಸುತ್ತಾರೆ. ಸದಸ್ಯರ ಪಾಳಿ ನೀರು ತರಿಸುವುದಕ್ಕೆ ಮತ್ತು ತೊಳೆಸುವುದಕ್ಕೆ.

ಮಜ್ಜಿಗೆ ಕೊಡುವುದಾದರೆ ವಾರಕ್ಕೊಂದು ದಿನ, 11ರಿಂದ 2 ಗಂಟೆ. 250 ಜನಕ್ಕೆ 200 ಮಿಲಿಲೀಟರಿನಂತೆ 50 ಲೀಟರ್ ಬೇಕು: ಮೊಸರು 10-12 ಲೀಟರ್, ಉಪ್ಪು ಕಾಲು ಕಿಲೊ, ಶುಂಠಿ 200 ಗ್ರಾಂ, ಕರಿಬೇವು, ಕೊತ್ತಂಬರಿ, ಜೀರಿಗೆ ಪುಡಿ. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಈ ಬಿಸಿಲಿಗೆ ಮೂರು ಗಂಟೆಯ ಮೇಲೆ ಹುಳಿ ಏರುತ್ತದೆ, ಎರಡು ಕಂತಿನಲ್ಲಿ ಕಲಸಿ. ಪೇಟೆಯ ಮಂಜುಗಡ್ಡೆಯನ್ನು ಒಳಗೆ ಹಾಕಬೇಡಿ, ಅದು ಕುಡಿಯುವ ನೀರಿನದೆಂಬ ಖಾತ್ರಿ ಇಲ್ಲ. ಪಾತ್ರೆಯ ಹೊರಗೆ ಸುತ್ತ ಇಟ್ಟರೆ ಸಾಕು.

ಅರವಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣಗಳೂ ಇರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂದು ಅಂದಾಜಿಗೆ ಹಾಕಿದರೆ ಕೆಡುಕೇ ಹೆಚ್ಚು. ಯಾರಾದರೂ ಬಿಸಿಲಿಗೆ ಬಿದ್ದು ಮಾತು ತಡವರಿಸಿದರೆ, ಮೈ ಕಾದ ಕಾವಲಿಯಂತೆ ಸುಡುತ್ತಿದ್ದರೆ ಅದು ಸುಸ್ತಲ್ಲ, ಬಿಸಿಲಾಘಾತ. 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ನೆರಳಿಗೆ ಎಳೆದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ದನಗಳಿಗೆ ಸಿಮೆಂಟ್ ತೊಟ್ಟಿ ಇಟ್ಟರೆ ಪ್ರತಿ ನಾಲ್ಕನೇ ದಿನ ಪೂರ್ತಿ ಖಾಲಿ ಮಾಡಿ ತಿಕ್ಕಬೇಕು. ವಾರ ಬಿಟ್ಟರೆ ಸೊಳ್ಳೆ ಹುಟ್ಟುತ್ತದೆ.

ಕಣ್ಣಿನ ಶಿಬಿರ

1925ರಲ್ಲಿ ಕಣ್ಣು-ಕಿವಿ ಎರಡೂ ಇಲ್ಲದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ಅಂಧರ ಪರ ನಿಲ್ಲಿರೆಂದು ಕೇಳಿಕೊಂಡ ಮೇಲೆ ಕಣ್ಣಿನ ಕೆಲಸ ಸೇವಾ ಕ್ಲಬ್ಬುಗಳಿಗೆ ಅಂಟಿಕೊಂಡಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೇ ಆಗಬೇಕು. ಶಾಲೆ, ಕಲ್ಯಾಣ ಮಂಟಪದಲ್ಲಿ ತಪಾಸಣೆ ಮಾತ್ರ. ವೈದ್ಯಕೀಯ ಕೆಲಸ ಆಸ್ಪತ್ರೆಯದು, ಜನರನ್ನು ಕರೆತಂದು ಕಾಪಾಡಿ ಮುಟ್ಟಿಸುವುದು ಕ್ಲಬ್ಬಿನದು.

ಹಿಂದಿನ ವಾರ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗಿ ಅರವತ್ತು ದಾಟಿದವರ ಪಟ್ಟಿ ಮಾಡಿ. ಡಂಗುರ, ಮೈಕಿಗಿಂತ ಇದು ಹೆಚ್ಚು ಜನರನ್ನು ತರುತ್ತದೆ, ಯಾಕೆಂದರೆ ಕಣ್ಣು ಕಾಣದ ಮುದುಕಿಗೆ ಶಿಬಿರಕ್ಕೆ ಕರೆತರುವವರೇ ಇರುವುದಿಲ್ಲ. ತಪಾಸಣೆಗೆ 6 ಮೀಟರ್ ಅಳತೆ ಮಾಡಿ ಚಾರ್ಟು ಕಟ್ಟಲು ಬೆಳಕಿರುವ ಉದ್ದ ಕೋಣೆ ಬೇಕು. ಆಯ್ಕೆಯಾದವರ ರಕ್ತದೊತ್ತಡ, ಸಕ್ಕರೆ ಅಲ್ಲೇ ನೋಡಿಸಿ. ಹತೋಟಿಯಲ್ಲಿಲ್ಲದವರನ್ನು ಬಸ್ಸು ಹತ್ತಿಸಿ ಕರೆದೊಯ್ದು ಆಪರೇಷನ್ ಆಗದೆ ವಾಪಸ್ ತಂದರೆ ಇಡೀ ಊರು ಮುಂದಿನ ಶಿಬಿರಕ್ಕೆ ಬೆನ್ನು ಹಾಕುತ್ತದೆ. ಅವರಿಗೆ ಮಾತ್ರೆ ಶುರು ಮಾಡಿಸಿ ಮುಂದಿನ ತಂಡಕ್ಕೆ ಹೆಸರು ಹಾಕಿ. ಆಧಾರ್ ಪ್ರತಿ, ಮನೆಯವರ ಫೋನ್ ನಂಬರು, ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ ಈ ಮೂರೂ ಇಲ್ಲದೆ ಬಸ್ಸು ಹೊರಡಬಾರದು.

ಇನ್ನು ಆಮೇಲಿನದು. ಆಪರೇಷನ್ ಆದ ಮರುದಿನ, ಒಂದು ವಾರಕ್ಕೆ, ನಾಲ್ಕರಿಂದ ಆರು ವಾರಕ್ಕೆ ಮತ್ತೆ ತೋರಿಸಬೇಕು. ಹನಿಔಷಧಿಯನ್ನು ವೈದ್ಯರು ಹೇಳಿದಂತೆ ಕಡಿಮೆ ಮಾಡುತ್ತಾ ಸುಮಾರು ಅಷ್ಟೇ ವಾರ ಹಾಕಬೇಕು. ಕಣ್ಣು ಕಂಡ ಕೂಡಲೇ ಹನಿ ನಿಲ್ಲಿಸುವುದು, ಮೂರನೇ ದಿನ ಹೊಲಕ್ಕೆ ಹೋಗುವುದು, ಯಾರೋ ಹೇಳಿದರೆಂದು ಹರಳೆಣ್ಣೆ ಬಿಡುವುದು, ಹಳ್ಳಿಯಲ್ಲಿ ಕಣ್ಣು ಹಾಳಾಗುವ ದಾರಿಗಳು ಇವು. ಪ್ರತಿ ಐದು ರೋಗಿಗಳಿಗೆ ಒಬ್ಬ ಸದಸ್ಯರನ್ನು ಹೆಸರಿಟ್ಟು ಹಂಚಿ. ಅವರು ಮೊದಲ ವಾರ ದಿನಾಲೂ, ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡಬೇಕು. "ಯವ್ವಾ, ಹನಿ ಹಾಕ್ಕೊಂಡ್ಯಾ? ಎಷ್ಟ್ ಸಲ?" ಎಂದು ಕೇಳಿದರೆ "ಹಾಕೀನಪ್ಪಾ" ಎನ್ನುತ್ತಾರೆ. ಬಾಟಲಿ ಎಷ್ಟು ಉಳಿದಿದೆ ಎಂದು ಮನೆಯ ಹುಡುಗರನ್ನು ಕೇಳಿ. ನೋವು, ಕೆಂಪು, ಕೀವು, ದೃಷ್ಟಿ ಮಸುಕು ಇವುಗಳಲ್ಲಿ ಯಾವುದಾದರೂ ಬಂದರೆ ಅದೇ ದಿನ ಆಸ್ಪತ್ರೆಗೆ. ಆ ವಾಹನದ ಖರ್ಚನ್ನು ಶಿಬಿರದ ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ. ಬ್ಯಾನರು ಒಂದು ಕಡಿಮೆ ಮಾಡಿದರೆ ಆ ಹಣ ಸಿಗುತ್ತದೆ.

ಗಿಡ ನೆಡುವ ಬಗ್ಗೆ ಎರಡು ಮಾತು ಸಾಕು. ಒಂದೂವರೆ ಅಡಿ ಉದ್ದಗಲ ಆಳದ ಗುಂಡಿಯನ್ನು ಮೇನಲ್ಲೇ ತೋಡಿ ಬಿಸಿಲು ಕುಡಿಸಿ, ಎರಡು ಮಳೆಯಾದ ಮೇಲೆ ಬೇವು, ಹೊಂಗೆ, ಹುಣಸೆ ನೆಡಿ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಒಣಗಿಸುತ್ತದೆ, ಬುಡಕ್ಕೆ ತೊಗರಿ ಹೊಟ್ಟು ದಪ್ಪಗೆ ಹಾಸಿ. ಮೊದಲ ಬೇಸಿಗೆಗೆ ವಾರಕ್ಕೆರಡು ಸಲ 10-15 ಲೀಟರ್ ನೀರು ಹಾಕುವವರ ಹೆಸರು ಸಿಗುವಷ್ಟೇ ಗಿಡ ನೆಡಿ. ಆ ಲೆಕ್ಕಕ್ಕೆ ಐನೂರು ಗಿಡದ ಯೋಜನೆ ಬಹಳ ಸಲ ಇಪ್ಪತ್ತೈದಕ್ಕೆ ಇಳಿಯುತ್ತದೆ, ಇಳಿಯಲಿ.

ಒಡನಾಟ

ಸದಸ್ಯರು ಉಳಿಯುವುದು ಸೇವೆಯ ಮೇಲಿನ ಭಕ್ತಿಯೊಂದರಿಂದಲೇ ಅಲ್ಲ. ವಾರದ ಸಂಜೆ ಅಲ್ಲಿ ಹೋದರೆ ನಾಲ್ಕು ಜನ ತಮ್ಮವರು ಸಿಗುತ್ತಾರೆ ಎಂಬುದರಿಂದ. ಆದ್ದರಿಂದ ಸಭೆಯನ್ನು ಒಂದು ಗಂಟೆಗೆ ಕಟ್ಟಿಹಾಕಿ: ವರದಿ ಹತ್ತು ನಿಮಿಷ, ಹಿಸಾಬು ಐದು, ಮರುದಿನದ ಕೆಲಸಗಳ ಹಂಚಿಕೆ ಹದಿನೈದು, ಹೊರಗಿನವರ ಉಪನ್ಯಾಸ ಇದ್ದರೆ ಇಪ್ಪತ್ತು, ಉಳಿದದ್ದು ಚಹಾ. ವೇದಿಕೆ ಬೇಡ, ಸುತ್ತ ಕುಳಿತುಕೊಳ್ಳಿ. ಹೇಳಿದ ಹೊತ್ತಿಗೆ ಇಬ್ಬರೇ ಇದ್ದರೂ ಶುರು ಮಾಡಿ. ತಡವಾಗಿ ಬರುವವರಿಗೆ ಕಾದರೆ ಸರಿಯಾಗಿ ಬರುವವರು ಮೊದಲು ಬಿಟ್ಟುಹೋಗುತ್ತಾರೆ.

ಹೋಟೆಲಿನ ಊಟಕ್ಕಿಂತ ತಿಂಗಳಿಗೊಮ್ಮೆ ಬುತ್ತಿ ಊಟ ಒಳ್ಳೆಯದು. ಒಬ್ಬರ ಮನೆಯಿಂದ ಖಡಕ್ ರೊಟ್ಟಿ, ಇನ್ನೊಬ್ಬರಿಂದ ಎಣ್ಣೆಗಾಯಿ, ಶೇಂಗಾ ಹಿಂಡಿ, ಮತ್ತೊಬ್ಬರಿಂದ ತಹರಿ. ಯಾರು ಏನು ತರಬೇಕೆಂದು ಮೊದಲೇ ಬರೆದು ಹಂಚಿ, ಇಲ್ಲದಿದ್ದರೆ ಐದು ಡಬ್ಬಿ ಶೇಂಗಾ ಹಿಂಡಿ ಬಂದು ರೊಟ್ಟಿ ಸಾಲದಾಗುತ್ತದೆ. ಊಟ ಸಸ್ಯಾಹಾರವಿದ್ದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬಹುದು. ಮದ್ಯ ಕ್ಲಬ್ಬಿನ ಹೆಸರಿನ ಯಾವ ಕೂಟದಲ್ಲೂ ಬೇಡ. ಅದು ಬಂದ ಸಂಜೆಯಿಂದ ಹೆಣ್ಣುಮಕ್ಕಳು, ಮನೆಮಂದಿ ಬರುವುದು ನಿಲ್ಲುತ್ತದೆ.

ಮನೆಯವರನ್ನು ಕರೆಯಲು ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಹೊಲ ಇರುವ ಸದಸ್ಯರು ಹೊಲದ ತುಂಬ ಎಡೆ ಎರಚಿ ಚರಗ ಚೆಲ್ಲಿದ ಮೇಲೆ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿಗೆ ಎಲ್ಲರನ್ನೂ ಕೂರಿಸುತ್ತಾರೆ. ಅಂದು ಭಾಷಣ ಇಟ್ಟುಕೊಳ್ಳಬೇಡಿ. ನೀರು ಮತ್ತು ಎಲೆ ಮಾತ್ರ ಕ್ಲಬ್ಬಿನಿಂದ ಒಯ್ಯಿರಿ, ಎಲೆ-ಲೋಟ ಹೊಲದಲ್ಲಿ ಬಿಡದೆ ತುಂಬಿಕೊಂಡು ಬನ್ನಿ.

ಮಹಿಳಾ ಸದಸ್ಯರು ಇರುವ ಕ್ಲಬ್ಬಿನಲ್ಲಿ ಸಭೆ ಸಂಜೆ 6ಕ್ಕೆ ಇಟ್ಟು 7ಕ್ಕೆ ಮುಗಿಸಿ. ರಾತ್ರಿ 9ಕ್ಕೆ ಸಭೆ ಕರೆದು "ಹೆಣ್ಣುಮಕ್ಕಳು ಬರೋದಿಲ್ಲರೀ" ಎನ್ನುವುದು ನ್ಯಾಯವಲ್ಲ. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಮಹಿಳೆಯರಿಗೆ ಸದಸ್ಯತ್ವ ತೆರೆದವು. ಅವರನ್ನು ಸ್ವಾಗತಗೀತೆ, ಆರತಿಗೆ ಮೀಸಲಿಡದೆ ಖಜಾಂಚಿ ಮಾಡಿ ನೋಡಿ, ಬಿಲ್ಲುಗಳು ಏಳು ದಿನದೊಳಗೆ ಬಂದುಬಿಡುತ್ತವೆ.

ಹೊಸಬರನ್ನು ಸೇರಿಸಿಕೊಳ್ಳುವಾಗ ಆತುರ ಬೇಡ. ಮೂರು ತಿಂಗಳು ಅತಿಥಿಯಾಗಿ ಬರಲಿ, ಒಂದು ಅರವಟಿಗೆಯ ಪಾಳಿ, ಐದು ರೋಗಿಗಳ ಫೋನ್ ಪಟ್ಟಿ ಅವರ ಕೈಗೆ ಕೊಡಿ. ಅದನ್ನು ಮಾಡಿದವರಿಗೆ ಬ್ಯಾಡ್ಜು ಹಾಕಿ. ಸತತ ಮೂರು ಸಭೆಗೆ ಬಾರದ ಸದಸ್ಯರ ಮನೆಗೆ ಇಬ್ಬರು ಹೋಗಿ ಬನ್ನಿ, ನೋಟಿಸ್ ಕಳಿಸಬೇಡಿ. ಹೆಚ್ಚಿನ ಸಲ ಕಾರಣ ಮನೆಯ ಕಾಯಿಲೆ, ಅಂಗಡಿಯ ಸಾಲ, ಅಥವಾ ಯಾವುದೋ ಸಭೆಯಲ್ಲಿ ಯಾರೋ ಆಡಿದ ಮಾತು. ಮೊದಲ ಎರಡಕ್ಕೆ ಕ್ಲಬ್ಬು ಏನಾದರೂ ಮಾಡಬಹುದು. ಮೂರನೆಯದಕ್ಕೆ ಮಾತಾಡಿದವರನ್ನೇ ಜೊತೆಗೆ ಕರೆದೊಯ್ಯಿರಿ.